ಎರಡನೇ ನಂಬರಿನ ಬಟನ್

ನಮ್ಮ ದುಬಾರಿ ಕಾರಿನ ಡ್ರೈವರ್ ಸೀಟಿಗೆ ಮೆಮೊರಿ ಬಟನ್‌ಗಳು ಎರಡು. ಒಂದನೆಯದು ನನ್ನದು. ಎರಡನೆಯದನ್ನು ಒತ್ತಿದರೆ ಸೀಟು ಮುಂದೆ ಸರಿದು, ತುಸು ಮೇಲೇರಿ, ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿ ಗಿರಿಜೆಯ ಅಳತೆಗೆ ನಿಲ್ಲುತ್ತಿತ್ತು. ಬ್ಯಾಟರಿ ಬದಲಿಸಿ ಎಂದು ಕಾರು ಎಚ್ಚರಿಸಿದಾಗ ನನಗಿದ್ದ ಭಯ ಒಂದೇ: ಆ ಅಳತೆ ಅಳಿಸಿಹೋದೀತು.

ಕೋಲ್ಕತ್ತದ ಸಾಲ್ಟ್ ಲೇಕಿನ ನಮ್ಮ ಮನೆಗೆ ಕಾರು ಕಂಪನಿಯಿಂದ ಬಂದ ಮೆಕ್ಯಾನಿಕ್ ತಪನ್ ಬಾಬುವಿಗೆ ಹೇಳಿದೆ: “ಹಳೆಯದನ್ನು ತೆಗೆಯುವ ಮೊದಲು ಇನ್ನೊಂದು ಬ್ಯಾಟರಿ ಜೋಡಿಸಿಕೊಳ್ಳಿ. ಕರೆಂಟು ಒಂದು ಕ್ಷಣ ಹೋದರೂ ಸೀಟಿನ ಮೆಮೊರಿ ಅಳಿಸಿಹೋಗುತ್ತದೆ.”

“ಗೊತ್ತು ಸರ್. ಆದರೆ ಕಂಪನಿಯ ಕ್ರಮದಲ್ಲಿ ಅದಿಲ್ಲ.”

“ಇಷ್ಟು ವರ್ಷದ ಅನುಭವ ಇದೆ, ಇದೊಂದು ಮಾಡಲಾರಿರಾ?”

“ಮೊದಲೆಲ್ಲ ಮಾಡುತ್ತಿದ್ದೆ. ಕೈಪಿಡಿ ಬಿಟ್ಟು ಕೆಲಸ ಮಾಡಿದೆನೆಂದು ನನ್ನ ಮೇಲೆ ಎರಡು ಪುಟ ದೂರು ಬರೆದವರು ನೀವೇ ಅಲ್ಲವೇ, ಸರ್?”

ಬರೆದಿದ್ದೆ. ತಪ್ಪು ಮಾಡಿದೆನೆಂದು ಈಗಲೂ ಹೇಳಲಾರೆ. ಹೊರಗಿನ ಮೆಕ್ಯಾನಿಕ್ ಯಾರಾದರೂ ಆಗಿದ್ದರೆ ಮಾಡಿಕೊಡುತ್ತಿದ್ದ. ಆದರೆ ಅಂಥವರ ಕೈಗೆ ಕಾರು ಕೊಡಬಾರದೆಂಬುದೂ ನನ್ನದೇ ನಿಯಮ. ಗಿರಿಜೆ ಅದಕ್ಕೆ ನಗುತ್ತಿದ್ದಳು.

ನನ್ನ ಮುಖ ನೋಡಿ ತಪನ್ ಬಾಬು ಮೆತ್ತಗಾದರು. “ಅಳತೆ ಬರೆದಿಟ್ಟುಕೊಳ್ಳಿ, ಆಮೇಲೆ ಹಾಗೇ ಸೆಟ್ ಮಾಡಿಕೊಡುತ್ತೇನೆ.”

“ಅದು ನೀವು ಮಾಡಿದ್ದಾಗುತ್ತದೆ. ಅವಳು ಮಾಡಿಕೊಂಡದ್ದಲ್ಲ.”

ಅವರು ಸ್ಪ್ಯಾನರ್ ಎತ್ತಿಕೊಂಡರು. ತಡೆಯಬಹುದಿತ್ತು, ತಡೆಯಲಿಲ್ಲ. ಹೊಸ ಬ್ಯಾಟರಿ ಕೂತ ಮೇಲೆ ಬಟನ್ ಒತ್ತಿದೆ. ಮತ್ತೆ ಒತ್ತಿದೆ. ಸೀಟು ಅಲುಗಲಿಲ್ಲ.

ಹೊರಡುವಾಗ ತಪನ್ ಬಾಬು ಸಂಕೋಚದಿಂದಲೇ ಫೋನ್ ಚಾಚಿದರು. ಕೆಲಸ ಕ್ರಮಬದ್ಧವಾಗಿ ನಡೆಯಿತೇ ಎಂಬ ಪ್ರಶ್ನೆ ಅದರಲ್ಲಿತ್ತು. ಐದಕ್ಕೆ ಐದು ಕೊಟ್ಟೆ. ನನ್ನಿಂದ ಪೂರ್ತಿ ಅಂಕ ಪಡೆದವರು ಇಡೀ ಕೋಲ್ಕತ್ತದಲ್ಲಿ ಅವರೊಬ್ಬರೇ.