ನೀಲಕ್ಕನ ಕಟಕಟೆ

ಸವಣೂರಿನ ನೀಲಕ್ಕ ಕೆಟ್ಟ ಮಷೀನನ್ನು ಬಿಚ್ಚುವ ಮೊದಲು ಅದನ್ನು ತಂದವರನ್ನು ಬಿಚ್ಚುತ್ತಿದ್ದಳು. ಮಿಕ್ಸರೋ, ಟಿವಿಯೋ, ಫ್ಯಾನೋ, ಏನೇ ಇರಲಿ, ಅದನ್ನು ಮೇಜಿನ ಮೂಲೆಗೆ ಸರಿಸಿ, ಮೂರು ಕಾಲಿನ ಒಂದು ಗಿಡ್ಡ ಸ್ಟೂಲನ್ನು ಕಾಲಿನಿಂದಲೇ ನಮ್ಮ ಕಡೆ ತಳ್ಳಿ, "ಕುಂತ್ರಿ. ನಡದಿದ್ದು ಹೇಳ್ರಿ" ಅನ್ನುತ್ತಿದ್ದಳು. ಬಜಾರದವರು ಆ ಸ್ಟೂಲಿಗೆ ಕಟಕಟೆ ಎಂದು ಹೆಸರಿಟ್ಟಿದ್ದರು. ಅದರ ಮೇಲೆ ಕೂತವರು ಆಣೆ ಮಾಡುವುದೊಂದೇ ಬಾಕಿ ಇರುತ್ತಿತ್ತು.

ಅವಳ ಅಂಗಡಿ ಶೇವು-ಖಾರ ಕರಿಯುವವರ ಮಗ್ಗುಲಲ್ಲಿತ್ತು. ಇಬ್ಬರು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಬೋರ್ಡು ಇರಲಿಲ್ಲ. ಕಾದ ಎಣ್ಣೆಯ ವಾಸನೆಯ ನಡುವೆ ಬೆಸುಗೆಯ ಹೊಗೆ ಎಲ್ಲಿ ಮೂಗಿಗೆ ಬಡಿಯುತ್ತದೋ ಅದೇ ನೀಲಕ್ಕನ ಅಂಗಡಿ. ಹಣೆಯ ಮೇಲೆ ವಿಭೂತಿ, ಕಿವಿಯ ಸಂದಿಯಲ್ಲಿ ಟೆಸ್ಟರು, ದಾರ ಕಟ್ಟಿದ ಕನ್ನಡಕ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪನ ಎದುರಿಗೆ ಕೂತು ಕೆಲಸ ಕಲಿತಿದ್ದಳು. ಅವನ ಕೈ ಸೋತ ಮೇಲೆ ಅಂಗಡಿ ಇವಳದಾಯಿತು. ಮದುವೆಯ ಮಾತು ತೆಗೆದವರಿಗೆ, "ಅದನ್ನೂ ರಿಪೇರಿಗೆ ತಂದೀರೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

"ಮಷೀನಿಗೆ ಬಾಯಿ ಇಲ್ಲ, ಹಿಂಗಾಗಿ ಸುಳ್ಳು ಹೇಳೂದಿಲ್ಲ. ಬಾಯಿ ಇದ್ದವರದ ತ್ರಾಸು" ಎನ್ನುವುದು ಅವಳ ದಿನದ ಮಾತು. ಒಮ್ಮೆ ನಿವೃತ್ತ ಮಾಸ್ತರರೊಬ್ಬರು ಸುಟ್ಟ ಮಿಕ್ಸರ್ ತಂದು, ಶೇಂಗಾ ಚಟ್ನಿ ಬಿಟ್ಟು ಬೇರೇನೂ ರುಬ್ಬಿಲ್ಲ ಎಂದು ಸಾಧಿಸಿದರು. ನೀಲಕ್ಕ ಜಾರಿನ ತಳವನ್ನು ಒಮ್ಮೆ ಮೂಸಿದಳು. "ಮಾಸ್ತರ, ಅಕ್ಕಾರು ತವರಮನಿಗೆ ಹೋಗಿದ್ರೇನು? ಅರಿಷಿಣದ ಕೊಂಬು ಹಾಕೀರಿ." ಮಾಸ್ತರರು ಸ್ಟೂಲಿನ ಮೇಲೆಯೇ ಕುಗ್ಗಿದರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಮನುಷ್ಯ! ನಾನು ಬಾಗಿಲಲ್ಲಿ ನಿಂತು ಹೊಟ್ಟೆ ತುಂಬ ನಕ್ಕಿದ್ದೆ. ನಕ್ಕದ್ದರ ಸಾಲ ತೀರಿಸುವ ದಿನ ನನಗೂ ಬಂತು.

ನಾನು ದುಂಡಸಿಯವನು. ಮೆಕ್ಕೆಜೋಳದ ವ್ಯಾಪಾರ. ಹುಬ್ಬಳ್ಳಿಯಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಹಳೆಯ ಹೋಮ್ ಥಿಯೇಟರ್ ಪ್ರೊಜೆಕ್ಟರನ್ನು ನಾನು ಮನೆಗೆ ತಂದದ್ದು ಅಪ್ಪನಿಗಾಗಿ. ಅಪ್ಪ ಒಂದು ಕಾಲದ ಪೈಲ್ವಾನ. ಈಗ ಕಣ್ಣಿನ ನಡುವೆ ಮಬ್ಬು ಕವಿದು, ಟಿವಿಯಾಗಲಿ ಮೊಬೈಲಾಗಲಿ ಅವನಿಗೆ ಬರೀ ಮಿಣುಕುವ ಚೌಕ. ಇದಕ್ಕೆ ಇನ್ನು ಔಷಧ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಗೋಡೆಯಷ್ಟು ದೊಡ್ಡದಾಗಿ ಬಿದ್ದರೆ ಮಾತ್ರ ಚಿತ್ರ ತಿಳಿಯುತ್ತಿತ್ತು. ನನ್ನ ಮಗಳು ಸುಧಾಳಿಗೆ ಕುಸ್ತಿ ಕಲಿಸಿದವನು ಈ ಅಪ್ಪನೇ. ಹೊಲದ ಮೆತ್ತನೆಯ ಮಣ್ಣಿನಲ್ಲಿ, ಅವಳ ಹೆಗಲು, ಮೊಣಕಾಲು ಕೈಯಿಂದ ಮುಟ್ಟಿ ನೋಡಿ ಪಟ್ಟು ತಿದ್ದಿದ. ಆದರೆ ಮೊಮ್ಮಗಳು ಪಂದ್ಯದಲ್ಲಿ ಆಡುವುದನ್ನು ಒಮ್ಮೆಯೂ ಕಂಡಿರಲಿಲ್ಲ.

ಸುಧಾ ರಾಜ್ಯಮಟ್ಟಕ್ಕೆ ಆಯ್ಕೆಯಾದಳು. ದೂರದ ಊರಿನಲ್ಲಿ ಪಂದ್ಯ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ. ಮೊಬೈಲಿನಲ್ಲಿ ನೇರವಾಗಿ ತೋರಿಸುತ್ತಾರೆಂದು ತಿಳಿದಾಗ ಅಪ್ಪ ಒಂದೇ ಮಾತು ಹೇಳಿದ, "ಗ್ವಾಡಿ ಮ್ಯಾಲ ಹಾಕು. ಈ ಸಲ ನೋಡತೇನಿ." ಗೋದಾಮಿನಲ್ಲಿ ಕತ್ತಲೆ ಮಾಡಿ ತೋರಿಸುವುದಾಗಿ ಮಾತು ಕೊಟ್ಟೆ. ಬುಧವಾರ ಪ್ರೊಜೆಕ್ಟರ್ ಹೊರತೆಗೆದು ಗುಂಡಿ ಒತ್ತಿದರೆ, ಕೆಂಪು ದೀಪ ಒಂದು ಸಲ ಮಿಣುಕಿ ಸತ್ತುಹೋಯಿತು. ಶಿಗ್ಗಾವಿಯ ರಿಪೇರಿಯವರು ಇದನ್ನು ಮೋಡ್ಕಾ ಗುಜರಿಗೆ ಹಾಕಿ ಎಂದರು. ಬಾಡಿಗೆಯ ಪ್ರೊಜೆಕ್ಟರುಗಳೆಲ್ಲ ಮದುವೆಗಳಿಗೆ ಹೋಗಿದ್ದವು. ಉಳಿದವಳು ನೀಲಕ್ಕ.

ಕಟಕಟೆ ನನ್ನ ಕಡೆ ಬಂತು. "ನಡದಿದ್ದು ಹೇಳ್ರಿ."

ನಡೆದದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಖಂಡೇನವಮಿಯ ದಿನ ನಮ್ಮಲ್ಲಿ ಟ್ರ್ಯಾಕ್ಟರಿನಿಂದ ತೂಕದ ಕಾಟಾದವರೆಗೆ ಎಲ್ಲಕ್ಕೂ ಪೂಜೆ. ಪ್ರೊಜೆಕ್ಟರಿಗೂ ವಿಭೂತಿ ಹಚ್ಚಿ, ಹೂ ಏರಿಸಿದೆ. "ಕಾಯಿ ಹೊಸ್ತಲದಾಗ ಒಡೀರಿ" ಎಂದು ಹೆಂಡತಿ ಬಡಕೊಂಡಳು. ನಾನು ಕೇಳಲಿಲ್ಲ. ಟ್ರ್ಯಾಕ್ಟರಿಗೆ ಸಿಕ್ಕ ಮರ್ಯಾದೆ ಇದಕ್ಕೂ ಸಿಗಲಿ ಎಂದು ಅದರ ನೆತ್ತಿಯ ಮೇಲೆಯೇ ತೆಂಗಿನಕಾಯಿ ಒಡೆದು ಎಳೆನೀರಿನಂಥ ಆ ಸಿಹಿನೀರನ್ನು ಮೇಲೆ ಸುರಿದೆ. ಆಮೇಲೆ ಒರೆಸಿ, ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಇದನ್ನು ಹೇಳಲು ನಾಚಿಕೆಯಾಯಿತು. ಮಾಸ್ತರರನ್ನು ನೋಡಿ ನಕ್ಕವನಲ್ಲವೇ ನಾನು? "ವೋಲ್ಟೇಜ್ ಏರುಪೇರಾಗಿರಬೇಕ್ರಿ" ಎಂದೆ. ಕರೆಂಟಿಗೂ ಬಾಯಿ ಇಲ್ಲವಲ್ಲ.

ನೀಲಕ್ಕ ನನ್ನ ಮುಖವನ್ನೊಮ್ಮೆ ನೋಡಿ, ಪ್ರೊಜೆಕ್ಟರನ್ನು ಮುಂದಕ್ಕೆಳೆದುಕೊಂಡಳು. ಬುಧವಾರ ಸಂಜೆ, ಗುರುವಾರ ಇಡೀ ದಿನ ನನ್ನ ಸುಳ್ಳಿನ ಬೆನ್ನು ಹತ್ತಿದಳು. ವೈರು, ಫ್ಯೂಸು, ಒಳಗಿನ ಪವರ್ ಬೋರ್ಡು, ಒಂದೊಂದಾಗಿ ಮೀಟರ್ ಇಟ್ಟು ಅಳೆದಳು. ಎಲ್ಲ ಸರಿಯಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಮನೆ ಬಿಡುವಾಗ ಅಪ್ಪ ಆಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರುಮಾಲು ಸುತ್ತಿಕೊಂಡು ಗೋದಾಮಿನ ಕಟ್ಟೆಯ ಮೇಲೆ ಕೂತಿದ್ದ. ಕುಸ್ತಿಗೆ ಇನ್ನೂ ಏಳು ತಾಸು ಇತ್ತು. ಸವಣೂರು ಮುಟ್ಟಿ, ಹೇಳದೆಯೇ ಹೋಗಿ ಕಟಕಟೆಯ ಮೇಲೆ ಕೂತೆ.

"ಎಲ್ಲಾ ನೋಡೇನ್ರಿ, ಏನೂ ಸಿಗವಲ್ದು" ಎಂದಳು ನೀಲಕ್ಕ. "ಮನಿಗೆ ಕಳ್ಳ ಹೊಕ್ಕರ ಮೊದಲ ಬಾಗಲಾ ನೋಡಬೇಕು, ಆಮ್ಯಾಲ ಅಟ್ಟ. ನಿಮ್ಮ ಮಾತು ಕೇಳಿ ನಾ ಬಾಗಲಾ ಬಿಟ್ಟು ಅಟ್ಟ ಹತ್ತಿದ್ನಿ. ಈಗರ ನಡದಿದ್ದು ಹೇಳ್ರಿ."

ಹೇಳಿಬಿಟ್ಟೆ. ಖಂಡೇನವಮಿ, ಕಾಯಿ, ನೀರು, ಹೆಂಡತಿ ಬೇಡವೆಂದದ್ದು, ಅಪ್ಪ ಕಟ್ಟೆಯ ಮೇಲೆ ಕೂತಿರುವುದು, ಎಲ್ಲ. ನೀಲಕ್ಕ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, "ಯಾವ ಬದಿಗೆ ಸುರದಿ, ತಮ್ಮಾ?"

ಆ ಕ್ಷಣದಿಂದ ನಾನು ಅವಳಿಗೆ ಗಿರಾಕಿಯಲ್ಲ, ತಮ್ಮ.

ವೈರು ಕಿತ್ತಿದ್ದರೂ ಅವಳು ತಕ್ಷಣ ಕೈ ಹಾಕಲಿಲ್ಲ. ಹಾಕುತ್ತಲೂ ಇರಲಿಲ್ಲ. "ಒಂದು ಚಾ ಕುಡಿಯೂ ಅಷ್ಟು ತಡಿಬೇಕು. ಒಳಗಿನ ಸಿಟ್ಟು ಇಳೀಲಿ" ಎನ್ನುವುದು ಅವಳ ಕಾನೂನು. ವೈರು ಕಿತ್ತ ಮೇಲೂ ಒಳಗೆ ಕರೆಂಟು ಸ್ವಲ್ಪ ಹೊತ್ತು ಅಡಗಿ ಕೂತಿರುತ್ತದಂತೆ. ಆ ಚಹಾದಷ್ಟು ಉದ್ದದ ಚಹಾ ನಾನು ಜೀವಮಾನದಲ್ಲಿ ಕುಡಿದಿಲ್ಲ. ಕಪ್ಪು ಕೆಳಗಿಟ್ಟು, ನಾನು ತೋರಿಸಿದ ಬಲಬದಿಯ ಬಲ್ಬಿನ ಮುಚ್ಚಳ ತೆಗೆದು, ಬ್ಯಾಟರಿಯ ಬೆಳಕು ಬಿಟ್ಟು ನೋಡಿದವಳು "ಬಾ ಇಲ್ಲೆ" ಎಂದಳು.

ಮುಚ್ಚಳದ ಅಂಚಿನಲ್ಲಿ ಕಡಲೆಕಾಳಿನಷ್ಟು ಒಂದು ಸ್ವಿಚ್ಚು. ಅದರ ಸುತ್ತ ಅಂಟು, ಅಂಟಿನ ತುಂಬ ಸತ್ತ ಇರುವೆ.

"ಮುಚ್ಚಳ ಹಾಕೈತೋ ಇಲ್ಲೋ ಅಂತ ಇದು ಮಷೀನಿಗೆ ಹೇಳ್ತೈತಿ. ತೆರದಿದ್ರ ಬಲ್ಬ್ ಹತ್ತಗೊಡೂದಿಲ್ಲ. ನಿನ್ನ ಕಾಯಿನೀರಿಗೆ ಇರಿವಿ ಬಂದು ಇದರಾಗ ಸಂಸಾರ ಹೂಡ್ಯಾವ. ಮುಚ್ಚಿದ ಬಾಗಲಾ ಇದಕ್ಕ ತೆರದಂಗ ಕಾಣಾಕತ್ತೈತಿ. ನೋಡು, ಕಳ್ಳ ಬಾಗಲದಾಗ ಇದ್ದಾ!"

ಗಡಿಯಾರ ನೋಡಿ ನಾನು ಅವಸರ ಮಾಡಿದೆ, "ಆ ಸ್ವಿಚ್ ತಗದು ಎರಡೂ ವೈರ್ ಕೂಡಿಸಿಬಿಡ್ರಿ ಅಕ್ಕಾ."

"ಕಾವಲುಗಾರನ್ನ ಕೊಂದು ಮನಿ ಕಾಯ್ತಿಯೇನು?" ಎಂದು ಗದರಿದಳು. ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಅಷ್ಟೇ ಗಾತ್ರದ, ಅಷ್ಟೇ ತಾಕತ್ತಿನ ಹಳೆಯ ಸ್ವಿಚ್ಚೊಂದನ್ನು ಹುಡುಕಿದಳು. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಇರುವೆಗಳ ಸಂಸಾರ ತೊಳೆದು, ಹೊಸದನ್ನು ಬೆಸೆದಳು. ಸೆರಗಿನ ಗಂಟು ಬಿಚ್ಚಿ ಸ್ಕ್ರೂ ತಿರುವಿ, ಗುಂಡಿ ಒತ್ತಿದಳು. ಕೆಂಪು ದೀಪ ಮಿಣುಕಿತು, ನೀಲಿಯಾಯಿತು, ಖಾರದ ಅಂಗಡಿಯವರ ಗೋಡೆಯ ಮೇಲೆ ಬೆಳಕು ಚೆಲ್ಲಿತು. ಕರಿಯುತ್ತಿದ್ದವನು ಝಾರಿಸೌಟು ಬಿಟ್ಟು ಬಂದು ನೋಡಿದ. ನಾನು ರಸ್ತೆಯಲ್ಲಿ ನಿಂತು ಹೋ ಎಂದು ಕೂಗಿದೆ.

ನೀಲಕ್ಕ ಅಷ್ಟಕ್ಕೇ ಬಿಡಲಿಲ್ಲ. "ದಾರ್ಯಾಗ ಧಡಕಿ ಹೊಡದ್ರ?" ಎಂದು ಅಂಗಡಿಗೆ ಬೀಗ ಹಾಕಿ, ಪ್ರೊಜೆಕ್ಟರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತಳು. ಪ್ರತಿ ತಗ್ಗಿಗೂ ನನ್ನ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ದುಂಡಸಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ.

ಗೋದಾಮಿನ ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಅರ್ಧ ಊರು ಜೋಳದ ಚೀಲಗಳ ಮೇಲೆ ಕೂತಿತ್ತು. ಗೋಡೆ ಬೆಳಗಿತು. ಹತ್ತಡಿ ಎತ್ತರದ ಸುಧಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಅಪ್ಪ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಮುಂದೆ ಹೋದ. ಮೊದಲ ಸುತ್ತಿನಲ್ಲಿ ಅವಳು ಅಂಕದಲ್ಲಿ ಹಿಂದೆ ಬಿದ್ದಳು. ಎರಡನೆಯ ಸುತ್ತಿನಲ್ಲಿ ಎದುರಾಳಿಯ ತೋಳಿನ ಕೆಳಗೆ ನುಗ್ಗಿ, ಎತ್ತಿ, ಬೆನ್ನು ನೆಲಕ್ಕೆ ಹಚ್ಚಿದಳು. ಗೋದಾಮಿನ ತಗಡು ಹಾರಿಹೋಗುವಷ್ಟು ಕೇಕೆ ಎದ್ದಿತು. ನನ್ನ ಹೆಂಡತಿ ನೀಲಕ್ಕನನ್ನು ತಬ್ಬಿಕೊಂಡು ಅತ್ತಳು. ಅಪ್ಪ ಮಾತ್ರ ಗೋಡೆಯನ್ನೇ ನೋಡುತ್ತಿದ್ದ. ಗದ್ದಲ ಇಳಿದ ಮೇಲೆ ಹೇಳಿದ, "ಎಡಗಾಲು ಇನ್ನೂ ತಡಾ ಎತ್ತತಾಳ. ಬಂದ ಮ್ಯಾಲ ತಿದ್ದಬೇಕು."

ಎಡಗಾಲು! ಅಪ್ಪ ನಿಜವಾಗಿ ನೋಡಿದ್ದ. ನೀಲಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಹೋದ ಶ್ರಾವಣದಲ್ಲಿ ನೀಲಕ್ಕ ತೀರಿಕೊಂಡಳು. ಎರಡೇ ದಿನದ ಜ್ವರ. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಂಗಡಿ ಖಾಲಿ ಮಾಡುತ್ತಿದ್ದ ಅವಳ ಅಣ್ಣನನ್ನು ಕೇಳಿ ಆ ಸ್ಟೂಲನ್ನು ಮನೆಗೆ ತಂದೆ.

ಈಚೆಗೆ ಸುಧಾಳ ಇನ್ನೊಂದು ಕುಸ್ತಿ ಬಂತು. ಆ ದಿನ ಬೆಳಿಗ್ಗೆ ಪ್ರೊಜೆಕ್ಟರ್ ಹತ್ತಿದ ಐದೇ ನಿಮಿಷಕ್ಕೆ ಆರತೊಡಗಿತು. ಯಾರ ಹತ್ತಿರ ಹೋಗಲಿ? ವೈರು ಕಿತ್ತೆ, ಒಂದು ಚಹಾ ತರಿಸಿಕೊಂಡೆ, ಕಟಕಟೆಯ ಮೇಲೆ ಕೂತೆ. "ನೀಲಕ್ಕಾ, ಜೋಳಾ ತೂರೂ ಮುಂದ ಇದನ್ನ ಗೋದಾಮಿನ್ಯಾಗ ತೆರೆದ ಬಿಟ್ಟಿದ್ನಿ. ಮುಚ್ಚಾಕ ಮೈಗಳ್ಳತನ ಮಾಡಿದ್ನಿ" ಎಂದು ಬಾಯಿಬಿಟ್ಟು ಹೇಳಿದೆ. ಹೇಳುತ್ತಿದ್ದಂತೆಯೇ ಕೈ ತಾನಾಗಿ ಗಾಳಿ ಹೋಗುವ ಜಾಳಿಗೆಗೆ ಹೋಯಿತು. ಜೋಳದ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಒಳಗೆ ಗಾಳಿ ಸುಳಿಯದೆ ಮಷೀನು ಕಾದು ಆರುತ್ತಿತ್ತು. ಜಾಳಿಗೆ ತೆಗೆದು ಬ್ರಷ್ಷಿನಿಂದ ಉಜ್ಜಿ ಕೂರಿಸಿದೆ.

"ಯಾರ ಜೋಡಿ ಮಾತಾಡಾಕತ್ತಿದ್ದಿ?" ಅಪ್ಪ ಬಾಗಿಲಲ್ಲಿ ನಿಂತಿದ್ದ, ಇಸ್ತ್ರಿ ಅಂಗಿ, ರುಮಾಲು.

ಆ ಸ್ಟೂಲಿನ ಮೇಲೆ ಕೂತು ಸುಳ್ಳು ಹೇಳಲು ನನ್ನಿಂದ ಈಗ ಆಗುವುದಿಲ್ಲ. "ನೀಲಕ್ಕನ ಜೋಡಿ, ಅಪ್ಪಾ."

ಅಪ್ಪ ನಗಲಿಲ್ಲ. "ನಡದಿದ್ದು ಹೇಳಿದ್ಯೋ ಇಲ್ಲೋ?"

"ಹೇಳೇನಿ."

"ಹಂಗಾರ ಹತ್ತತೈತಿ. ಗುಂಡಿ ಒತ್ತು."

ಒತ್ತಿದೆ. ಹತ್ತಿತು.