ಅಂತೆ ಇಲ್ಲದ ಮಾತು

ಆ ದೊಡ್ಡ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಜರಡಿಯಕ್ಕ ಎನ್ನುತ್ತಿದ್ದರು. ಒಗೆದು ಬಂದ ಹೊದಿಕೆಗಳನ್ನು ಮಡಿಸುವುದು ಅವಳ ಕೆಲಸ. ಕೆಲಸಗಾರರ ಜಗಳ ತೀರುತ್ತಿದ್ದುದೂ ಅವಳ ಮೇಜಿನ ಮುಂದೆಯೇ. ಅವಳದು ಒಂದೇ ಕಟ್ಟಳೆ. ಮಾತಿನಲ್ಲಿ ‘ಅಂತೆ’ ಬಂದರೆ ಕೈ ಎತ್ತುವಳು. ‘ಬೈದನಂತೆ’ ಎಂದರೆ ಆ ಮಾತು ಲೆಕ್ಕಕ್ಕಿಲ್ಲ. ಬೈಗುಳ ಕೇಳಿದವರೇ ಬಂದು ಹೇಳಬೇಕು. ಅಂತೆಗಳನ್ನು ಸೋಸಿದ ಮೇಲೆ ಎಷ್ಟೋ ಜಗಳಗಳಲ್ಲಿ ಏನೂ ಉಳಿಯುತ್ತಿರಲಿಲ್ಲ.

ಈ ದಿನ ಅವಳು ಮಡಿಸುವುದನ್ನು ನಿಲ್ಲಿಸಿ ಕೂತಿದ್ದಳು.

ಹಿಂದಿನ ಸಂಜೆ ಯಾರೋ ದೊಡ್ಡ ಇಸ್ತ್ರಿಯಂತ್ರವನ್ನು ಆರಿಸದೆ ಹೋಗಿದ್ದರು. ಬೆಳಗ್ಗೆ ಬೀಗ ತೆಗೆದಾಗ ಯಂತ್ರದ ಹಾಸು ಕರಕಲಾಗಿತ್ತು, ಅದರ ದೀಪ ಕರಗಿ ಅಂಟಿಕೊಂಡಿತ್ತು. “ಇಬ್ಬರಲ್ಲಿ ಒಬ್ಬ ಹೋಗಬೇಕು. ಯಾರು ಅಂತ ನೀವೇ ಹೇಳಿ,” ಎಂದು ಜರಡಿಯಕ್ಕನಿಗೆ ಹೇಳಿ ಮಾಲೀಕ ತನ್ನ ಕೋಣೆ ಸೇರಿದ್ದ.

ಒಬ್ಬ, ಆ ಯಂತ್ರ ನಡೆಸುವ ಸಿಡುಕಣ್ಣ. ಅವನ ಬಾಯಿಗೆ ಹೆದರಿ ಯಾರೂ ಅವನ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ಇನ್ನೊಬ್ಬ, ಅವನ ಕೈಕೆಳಗಿದ್ದ ಅವಳ ಸ್ವಂತ ತಮ್ಮ. ಅಕ್ಕನ ಮನೆಯ ಮುಂಗೋಣೆಯಲ್ಲಿ ಅವನ ಸಂಸಾರ. ಹೆಂಡತಿ ತುಂಬು ಗರ್ಭಿಣಿ.

“ನಾನು ತೀರ್ಮಾನ ಹೇಳೋದು ಬೇಡ ಅಂದ್ರೆ ಈಗಲೇ ಎದ್ದುಬಿಡ್ತೀನಿ,” ಎಂದಳು ಸಿಡುಕಣ್ಣನಿಗೆ.

“ಕೂತ್ಕೊಳ್ಳಿ. ಎದ್ರೆ ನನ್ನ ಮಾತು ಕೇಳೋರು ಇಲ್ಲಿ ಇನ್ಯಾರಿದ್ದಾರೆ?”

ತಮ್ಮ ಚೆನ್ನಾಗಿ ಮಾತಾಡಿದ. “ಗಂಟೆ ಹೊಡೆದ ಕೂಡಲೇ ನಾನು ಹೊರಟೆ, ಎಲ್ಲರೂ ನೋಡಿದ್ದಾರೆ. ಆಮೇಲೂ ಇವರು ಒಳಗಿದ್ರಂತೆ.” ಅಕ್ಕನ ಕೈ ಮೇಲೇರಿತು. “ಸರಿ, ಅದು ಬಿಡಿ. ಇವರ ಮುಖ ನೋಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿಲ್ವಾ?”

ಎಲ್ಲರೂ ನಕ್ಕರು.

“ಗಾದೆ ಸಾಕ್ಷಿ ಹೇಳಲ್ಲಪ್ಪ,” ಎಂದಳು. “ನೀವು ಹೇಳಿ.”

ಸಿಡುಕಣ್ಣ ತಲೆ ತಗ್ಗಿಸಿದ. “ಆರಿಸಿದೆ ಅಂತ ನೆನಪು. ಆಣೆ ಮಾಡು ಅಂದ್ರೆ ಆಗಲ್ಲ.”

“ಮುಗೀತಲ್ಲ!” ಯಾರೋ ಹಿಂದಿನಿಂದ ಕೂಗಿದರು. ಆದರೆ ಅದುವರೆಗೆ ಆ ಮೇಜಿನ ಮುಂದೆ ಬಂದ ಮಾತುಗಳಲ್ಲಿ ತೂಕವಿದ್ದದ್ದು ಅದೊಂದೇ ಎಂದು ಅವಳಿಗೆ ಅನ್ನಿಸಿತು. ತನಗೆ ಗೊತ್ತಿಲ್ಲದ್ದನ್ನು ಅವನು ಗೊತ್ತಿದೆ ಎನ್ನಲಿಲ್ಲ.

ಗೆದ್ದ ಹುರುಪಿನಲ್ಲಿ ತಮ್ಮ ಮುಂದುವರಿದ. “ಎಂಥಾ ನೆನಪು! ಕೆಂಪು ದೀಪ ಧಗಧಗ ಉರೀತಿತ್ತು, ಬಾಗಿಲವರೆಗೂ ಬೆಳಕು.”

ಅವಳ ಕೈ ಏಳಲಿಲ್ಲ. ಆ ಮಾತಿನಲ್ಲಿ ‘ಅಂತೆ’ಯೇ ಇರಲಿಲ್ಲ. ಎಲ್ಲರೂ ಹೋದ ಮೇಲೆ ಉರಿಯುತ್ತಿದ್ದ ದೀಪವನ್ನು, ಗಂಟೆ ಹೊಡೆದಾಗಲೇ ಹೊರಟವನು ಕಂಡದ್ದು ಹೇಗೆ? ಸುತ್ತಲಿದ್ದವರು ಇನ್ನೂ ನಗುತ್ತಿದ್ದರು; ಯಾರೂ ಗಮನಿಸಿರಲಿಲ್ಲ. ಅವಳು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಉರೀತಿತ್ತಾ?” ಎಂದಳು ಮೆಲ್ಲಗೆ.

ತಮ್ಮ ಅವಳ ಮುಖ ನೋಡಿದ. “ಅಂದ್ರೆ... ಉರೀತಿತ್ತಂತೆ.”

“ಯಾರು ಹೇಳಿದ್ರು?”

ತಮ್ಮ ಮೇಜಿನ ಹತ್ತಿರಕ್ಕೆ ಬಾಗಿದ.

“ಅಕ್ಕಾ, ಮನೇಲಿ ಮಾತಾಡೋಣ.”

“ಇಲ್ಲೇ ಹೇಳು.”

“ಊಟದ ಡಬ್ಬಿ ಮರೆತಿದ್ದೆ. ತಗೊಳ್ಳೋಕೆ ವಾಪಸ್ ಬಂದೆ. ಬೀಗ ಇನ್ನೂ ಹಾಕಿರ್ಲಿಲ್ಲ, ಒಳಗೆ ಯಾರೂ ಇರ್ಲಿಲ್ಲ.” ಅವನ ದನಿ ಕುಗ್ಗಿತು. “ಆರಿಸಬಹುದಿತ್ತು. ದಿನಾ ಎಲ್ಲರೆದುರು ನನ್ನ ಬೈತಾರಲ್ಲ, ಒಂದು ದಿನ ಇವರೂ ಬೈಸ್ಕೊಳ್ಳಲಿ ಅಂತ ಬಿಟ್ಟುಬಂದೆ. ಸುಟ್ಟುಹೋಗುತ್ತೆ ಅಂದ್ಕೊಂಡಿರ್ಲಿಲ್ಲ.”

ಸಿಡುಕಣ್ಣನ ಬಾಯಿಂದ ಬೈಗುಳ ಬರುವುದೆಂದು ಎಲ್ಲರೂ ಕಾದರು. “ಹಾಗಾದ್ರೆ ಮರೆತದ್ದು ನಾನೇ,” ಎಂದಷ್ಟೇ ಅಂದ.

ಅವಳು ಮಾಲೀಕನ ಕೋಣೆಗೆ ಹೋದಳು. “ಒಬ್ಬರು ಮರೆತರು. ಒಬ್ಬ ನೋಡಿಯೂ ಬಿಟ್ಟುಬಂದ. ಒಬ್ಬನೇ ಹೋಗಬೇಕು ಅಂದ್ರೆ ನೋಡಿ ಬಿಟ್ಟವನು ಹೋಗಲಿ. ಅವನು ನನ್ನ ತಮ್ಮ.”

ಹೊರಗೆ ತಮ್ಮ ಗೋಡೆಗೆ ಒರಗಿ ನಿಂತಿದ್ದ. “ಹೆಂಡತಿಗೆ ಏನಂತ ಹೇಳ್ಲಿ, ಅಕ್ಕಾ?”

“ನಡೆದದ್ದನ್ನೇ ಹೇಳು. ನಾನು ಪಕ್ಕದಲ್ಲೇ ಇರ್ತೀನಿ,” ಎಂದು ಅವನ ತೋಳು ಹಿಡಿದುಕೊಂಡಳು.