ಕಪ್ಪು ಕಲ್ಲಿನ ಹುಡುಗಿ

ಆಗ ನಮ್ಮ ಬೀದಿಯಲ್ಲಿ ಒಬ್ಬರು ಫಾರಿನ್‌ಗೆ ಹೋಗಿ ಬಂದರೆ ಬೀದಿಯೇ ಹೋಗಿ ಬಂದ ಹಾಗಿತ್ತು. ಹೋದವರು ಕಂಡದ್ದು, ತಿಂದದ್ದು, ದಾರಿ ತಪ್ಪಿದ್ದು ಎಲ್ಲವನ್ನೂ ಒಂದು ಮಧ್ಯಾಹ್ನ ಕೂತು ಒಪ್ಪಿಸಬೇಕಿತ್ತು. ಕೇಳುವವರು ಚಾಪೆಯನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ನಾನು ಮೂರನೇ ಕ್ಲಾಸು ಮುಗಿಸಿದ್ದ ಬೇಸಿಗೆಯಲ್ಲಿ ಅಂಥದ್ದೊಂದು ಮಧ್ಯಾಹ್ನ ನಮ್ಮ ಮನೆಯಲ್ಲೇ ನಡೆಯಿತು.

ಪಿರಿಯಾಪಟ್ಟಣದಲ್ಲಿ ಅಪ್ಪನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಹೊಗೆಸೊಪ್ಪಿನ ಸಸಿ ನಾಟಿಗೆ ಬರುವ ಹೊತ್ತಿಗೆ ಅಂಗಡಿ ಮುಂದೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಹಿಂದಿನ ವರ್ಷ ವ್ಯಾಪಾರ ಚೆನ್ನಾಗಿ ಆಗಿತ್ತೆಂದು ಗೊಬ್ಬರದ ಕಂಪನಿಯವರು ಅಪ್ಪನನ್ನೂ ಇನ್ನಿಬ್ಬರು ಅಂಗಡಿಯವರನ್ನೂ ಐದು ದಿನ ಟಿಬಿಲಿಸಿ ಎಂಬ ಊರಿಗೆ ಕರೆದುಕೊಂಡು ಹೋದರು. ಜಾರ್ಜಿಯಾ ದೇಶದ ರಾಜಧಾನಿ ಅಂತೆ. ನಮ್ಮಜ್ಜಿಯ ಬಾಯಲ್ಲಿ ಅದು ಕೊನೆತನಕ 'ತಿಬ್ಳಾಸಿ' ಆಗಿಯೇ ಉಳಿಯಿತು. ಜೊತೆಗೆ ಹೋದವರಲ್ಲಿ ಒಬ್ಬರು ಕೆ.ಆರ್. ನಗರದ ನಂಜುಂಡಣ್ಣ, ಬಾಯಿ ತೆರೆದರೆ ಮುಚ್ಚದವರು. ಇನ್ನೊಬ್ಬರು ಅಂತರಸಂತೆಯ ಮಾದೇವಣ್ಣ, ಬಾಯಿ ತೆರೆಯಲು ಯೋಚಿಸುವವರು. ಮಾದೇವಣ್ಣನಿಗೆ ಮಕ್ಕಳಿರಲಿಲ್ಲ. ಸರಕಿಗೆಂದು ಪಿರಿಯಾಪಟ್ಟಣಕ್ಕೆ ಬಂದಾಗಲೆಲ್ಲ ನನಗೆ ಕಡಲೆ ಮಿಠಾಯಿ ತರುತ್ತಿದ್ದರು. ನಾನು ಇಬ್ಬರನ್ನೂ ಮಾವ ಅನ್ನುತ್ತಿದ್ದೆ.

ಬಂದ ವಾರಕ್ಕೆ ಮೂವರೂ ನಮ್ಮಲ್ಲಿ ಸೇರಿದರು. ಅವ್ವ ಬೆಳಗ್ಗೆಯೇ ಒಬ್ಬಟ್ಟು ಬೇಯಿಸಿದ್ದಳು. ಹಿತ್ತಲಲ್ಲಿ ಹಲಸಿನಹಣ್ಣು ಕೊಯ್ದಿದ್ದರಿಂದ ಮನೆಯೆಲ್ಲ ಅದೇ ವಾಸನೆ. ಅಪ್ಪ ಮಾದೇವಣ್ಣನ ಕ್ಯಾಮೆರಾವನ್ನು ವೈರು ಹಾಕಿ ಟೀವಿಗೆ ಸಿಕ್ಕಿಸಿದರು. ಬೀದಿಯ ಹತ್ತು ಹನ್ನೆರಡು ಜನ ಹಜಾರದಲ್ಲಿ ಒತ್ತಾಗಿ ಕೂತರು. ಅಲ್ಲಿಂದ ತಂದ ಟಾಫಿಯನ್ನು ಅಪ್ಪ ಎಲ್ಲ ಮಕ್ಕಳಿಗೂ ಹಂಚಿದರು. ಮಾದೇವಣ್ಣ ಮಾತ್ರ ನನ್ನನ್ನು ಹತ್ತಿರ ಕರೆದು, ಅಂಗಿಯ ಜೇಬಿನಿಂದ ಕೆಂಪು ಕಾಗದ ಸುತ್ತಿದ ಬೇರೆಯದೇ ಒಂದು ಟಾಫಿ ಕೊಟ್ಟರು. ಇದು ನಿನಗೇ ಅಂತ ಕೊಟ್ಟಿದ್ದು ಕಣವ್ವ, ಅಂದರು. ಯಾರು ಕೊಟ್ಟದ್ದು ಅಂತ ನಾನು ಕೇಳಲಿಲ್ಲ. ಬಾಯಿಗೆ ಹಾಕಿಕೊಂಡೆ. ಒಳಗೆ ಯಾವುದೋ ಹುಳಿ ಹಣ್ಣಿನ ರಸವಿತ್ತು.

ಮೊದಲ ಒಂದು ಗಂಟೆ ನಂಜುಂಡಣ್ಣನದೇ. ಅಲ್ಲಿ ನೆಲದೊಳಗಿಂದ ಬಿಸಿನೀರು ಬರುತ್ತದೆ, ಅದರಲ್ಲಿ ಎಲ್ಲರೂ ಸ್ನಾನ ಮಾಡುತ್ತಾರೆ, ತಾವೂ ಇಳಿದರೆ ಮೈಯೆಲ್ಲ ನಮ್ಮ ಅಂಗಡಿಯ ಗಂಧಕದ ಪುಡಿ ವಾಸನೆ ಬಂದು ವ್ಯಾಪಾರ ನೆನಪಾಯಿತು ಅಂದರು. ದೋಣಿಯ ಹಾಗಿರುವ ರೊಟ್ಟಿಯನ್ನು ಮಣ್ಣಿನ ಒಲೆಯ ಗೋಡೆಗೆ ಬಡಿದು ಬೇಯಿಸುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ಮಾಂಸ ಮುಟ್ಟದ ಮೂವರೂ ಐದು ದಿನ ಆ ರೊಟ್ಟಿ ಮತ್ತು ಬೇಯಿಸಿದ ಕಾಳಿನಲ್ಲೇ ಕಳೆದರಂತೆ. ಅಪ್ಪ ಹೇಳಿದ್ದು ಹೂವಿನ ವಿಷಯ. ಎಲೆಯೇ ಇಲ್ಲದ ಮರಗಳಲ್ಲಿ ಬರೀ ಹೂವು, ಹಳೇ ಮನೆಗಳ ಮರದ ಬಾಲ್ಕನಿಗಳು ಬೀದಿಯ ಮೇಲೆ ಬಾಗಿಕೊಂಡು ನಿಂತಿದ್ದವು, ಕೆಳಗೆ ಹೋಗುವಾಗ ಯಾರೋ ಮೇಲಿಂದ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು ಅಂದರು. ತಲೆಯೆತ್ತಿದರೆ ಯಾರೂ ಇರುತ್ತಿರಲಿಲ್ಲವಂತೆ.

ಆಮೇಲೆ ಎಲ್ಲರೂ ಮಾದೇವಣ್ಣನ ಕಡೆ ತಿರುಗಿದರು. ಅವರು ಒಂದು ದಿನ ಗುಂಪು ಬಿಟ್ಟು ಕಳೆದುಹೋಗಿದ್ದರು. ಆ ಕತೆಯನ್ನು ಅಪ್ಪನಿಗೂ ಪೂರ್ತಿ ಹೇಳಿರಲಿಲ್ಲ.

ಹೋಟೆಲಿನಿಂದ ಸುಮ್ಮನೆ ನಡೆಯುತ್ತ ಹೋದೆ, ಒಂದು ಗುಡ್ಡ ಹತ್ತಿದೆ, ಅಲ್ಲಿ ಸ್ಮಶಾನ ಇತ್ತು ಅಂದರು. ಅವರ ಹಬ್ಬದ ಮಾರನೇ ದಿನವಂತೆ. ಜನ ಬುತ್ತಿ ಕಟ್ಟಿಕೊಂಡು ಬಂದು ತಮ್ಮ ತಮ್ಮವರ ಸಮಾಧಿ ಪಕ್ಕ ಕೂತು ಊಟ ಮಾಡುತ್ತಿದ್ದರು. ಸತ್ತವರಿಗೂ ಸಿಹಿ ರೊಟ್ಟಿ, ಕೆಂಪು ಬಣ್ಣದ ಮೊಟ್ಟೆ, ಮಿಠಾಯಿ ಇಟ್ಟಿದ್ದರು.

"ನಮ್ಮಂಗೇ ಎಡೆ ಇಡ್ತಾರೆ ಕಣ್ರೀ. ನಮ್ಮಂಗೇ ಊಳ್ತಾರೆ. ಆದ್ರೆ ಕಲ್ಲಿನ ಮೇಲೆ ಸತ್ತೋರ ಮುಖ ಕೆತ್ತವ್ರೆ. ಆಳೆತ್ತರ. ಕರೀ ಕಲ್ಲು. ನೋಡ್ತಾ ಇದ್ರೆ ಅವ್ರೇ ನಮ್ಮನ್ನ ನೋಡ್ತಾರೆ."

ಹೀಗೆ ಹೇಳಿ ಅವರು ಗುಂಡಿ ಒತ್ತಿದರು. ಟೀವಿಯ ತುಂಬ ಒಂದು ಕಪ್ಪು ಕಲ್ಲು ಬಂತು. ಕಲ್ಲಿನಲ್ಲಿ ನಾನು ನಿಂತಿದ್ದೆ.

ಎರಡು ಜಡೆ, ದುಂಡು ಕೆನ್ನೆ, ಸ್ವಲ್ಪ ಎಡಕ್ಕೆ ವಾಲಿದ ಕುತ್ತಿಗೆ. ನನ್ನ ಬಲಹುಬ್ಬಿನ ಕೊನೆಯಲ್ಲಿ ಕೂದಲು ಮೇಲಕ್ಕೆ ತಿರುಗಿದೆ. ಅದೂ ಹಾಗೇ ಇತ್ತು. "ನಮ್ ಪವಿ ತರಾನೇ ಅವ್ಳೆ ಅಂತ ತಗುದ್ಬುಟ್ಟೆ" ಅಂದರು ಮಾದೇವಣ್ಣ, ನಗಲೋ ಬೇಡವೋ ಅನ್ನುವ ಹಾಗೆ.

ಯಾರೂ ನಗಲಿಲ್ಲ. ಪಕ್ಕದ ಮನೆಯವರು ನನ್ನ ಮುಖವನ್ನೂ ಟೀವಿಯನ್ನೂ ನೋಡಿದರು. ಆದರೆ ಅಪ್ಪ, ಅವ್ವ, ಅಜ್ಜಿ ಮೂವರೂ ನನ್ನ ಕಡೆ ನೋಡಲೇ ಇಲ್ಲ. ಒಬ್ಬಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವ್ವ ಅದನ್ನು ನೆಲಕ್ಕಿಟ್ಟು, ಕೂತವರ ನಡುವೆ ದಾರಿ ಮಾಡಿಕೊಂಡು ಟೀವಿಯ ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟಳು. ಅಜ್ಜಿ ಗೋಡೆಗೆ ಒರಗಿದ್ದವಳು, "ಆರ್ಸು ರಾಜ. ಮೊದ್ಲು ಅದ್ನ ಆರ್ಸು" ಅಂದಳು. ಅಪ್ಪ ವೈರನ್ನು ಎಳೆದರು. ಟೀವಿ ಕಪ್ಪಾದ ಮೇಲೂ ಅವ್ವನ ಕೈ ಅಲ್ಲೇ ಇತ್ತು.

ಜನ ಬೇಗ ಎದ್ದು ಹೋದರು. ಆಗ ನನಗೆ ಟಾಫಿಯ ನೆನಪಾಯಿತು. ಸಮಾಧಿ ಮುಂದೆ ಮಿಠಾಯಿ ಇಟ್ಟಿದ್ದರು ಅಂದಿದ್ದರಲ್ಲ. ಮಾದೇವಣ್ಣ ಚಪ್ಪಲಿ ಮೆಟ್ಟುತ್ತಿದ್ದಾಗ ಹೋಗಿ ಕೇಳಿದೆ. ಅವರು ನನ್ನ ತಲೆ ಸವರಿ ಬೀದಿಗಿಳಿದರು. ನನಗೆ ಅಷ್ಟೇ ಸಾಕಾಯಿತು.

ಬೇರೆಯವರ ಎಡೆಯನ್ನು ಮುಟ್ಟಬಾರದು ಅಂತ ನಮಗೆ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದರು. ಮುಟ್ಟಿದರೆ ಅದರ ಯಜಮಾನರು ಹಿಂದೆಯೇ ಬರುತ್ತಾರಂತೆ. ನಾನು ತಿಂದೇ ಬಿಟ್ಟಿದ್ದೆ. ಹಿತ್ತಲ ಹಲಸಿನ ಬುಡಕ್ಕೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡೆ, ಬರೀ ನೀರು ಬಂತು. ಆವತ್ತಿನಿಂದ ನಾನು ಸಾಯುತ್ತೇನೆ ಅಂತ ನಂಬಿದೆ. ಕಲ್ಲಿನಲ್ಲಿ ನನ್ನ ಮುಖ ಆಗಲೇ ಕೆತ್ತಿಟ್ಟಿದ್ದಾರೆ, ಉಳಿದದ್ದು ದಿನ ಮಾತ್ರ. ಓರಗೆಯವರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ಕನ್ನಡಿ ಮುಂದೆ ಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಮನೆಯೂ ಬೇರೆಯಾಯಿತು. ಸದಾ ಒಂದು ಜಡೆ ಹಾಕುತ್ತಿದ್ದ ಅವ್ವ ಕೇಳದೆಯೇ ಎರಡು ಜಡೆ ಹಾಕತೊಡಗಿದಳು. ಹಾಕಿ ಮುಗಿಸಿ ನನ್ನ ಗಲ್ಲ ಹಿಡಿದು ಎಡಕ್ಕೆ ಸ್ವಲ್ಪ ವಾಲಿಸಿ ನೋಡುತ್ತಿದ್ದಳು. ನನ್ನ ಕುತ್ತಿಗೆ ತಾನಾಗಿ ವಾಲುತ್ತಿರಲಿಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು. ಬದನೆಕಾಯಿ ಪಲ್ಯ ನನಗೆ ಸೇರದು, ಆದರೂ ಇದು ನಿನಗೆ ಇಷ್ಟ ಅಲ್ವಾ ಅಂತ ಮತ್ತೆ ಬಡಿಸಿದಳು. ಒಂದು ಬೆಳಗ್ಗೆ ಹಿತ್ತಲಿನಿಂದ ಕೂಗಿದಳು: "ಗೌರಿ, ಬಾರವ್ವ ಇಲ್ಲಿ."

ನಮ್ಮ ಮನೆಯಲ್ಲಿ ಗೌರಿ ಅಂತ ಯಾರೂ ಇರಲಿಲ್ಲ. ಆದರೂ ನಾನು ಎದ್ದು ಹೋದೆ. ಕೂಗಿದ್ದು ನನ್ನನ್ನೇ ಅಂತ ಹೇಗೆ ತಿಳಿಯಿತೋ. ಟಾಫಿಯೊಳಗೆ ಬಂದವಳ ಹೆಸರು ಅದೇ ಇರಬೇಕು, ಅವ್ವನಿಗೆ ಕಾಣುತ್ತಿರಬೇಕು ಅಂದುಕೊಂಡೆ. ಅಡುಗೆಮನೆ ಹೊಸಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ಆ ಹೆಸರು ಕೇಳಿ ಕೈ ನಿಲ್ಲಿಸಿದಳು. ಗೌರಿ ಯಾರು ಅಂತ ಅವಳನ್ನು ಕೇಳಿದೆ. ಆ ಹೆಸರು ಎತ್ತಬೇಡ ಅಂತ ಮಾತ್ರ ಹೇಳಿ ಮತ್ತೆ ಬೀಜ ತೆಗೆಯತೊಡಗಿದಳು. ಅಪ್ಪನನ್ನು ಕೇಳಿದರೆ ಅಂಗಡಿಗೆ ಹೊತ್ತಾಯಿತು ಅಂದರು.

ಹೀಗೆ ಮೂರು ವಾರ ಹೋಯಿತು. ಒಂದು ದಿನ ಅಪ್ಪ ಅಂಗಡಿಗೆ ಹೋದ ಮೇಲೆ ಅವ್ವ ಒಳ್ಳೇ ಸೀರೆ ಉಟ್ಟು, ನನಗೂ ಲಂಗ ಹಾಕಿ, ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದಳು. ಅಜ್ಜಿ ಬಾಗಿಲಿಗೆ ಅಡ್ಡ ಬಂದಳು. ಯಾರದೋ ಹೆಣ ಮನೆಗೆ ತರಬೇಡ ಅಂದಳು. ಅವ್ವ ಪಕ್ಕದಿಂದ ನುಸುಳಿಕೊಂಡು ನಡೆದಳು. ಹುಣಸೂರಿನಲ್ಲಿ ಒಂದು ಬಸ್ಸು, ಎಚ್.ಡಿ. ಕೋಟೆಯಲ್ಲಿ ಇನ್ನೊಂದು ಬದಲಿಸಿ ಅಂತರಸಂತೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದ ನಾನು ಒಂದೇ ಯೋಚಿಸುತ್ತಿದ್ದೆ. ಟಾಫಿ ತಂದವರಿಗೇ ನನ್ನನ್ನು ವಾಪಸ್ ಕೊಡಲು ಹೋಗುತ್ತಿದ್ದಾಳೆ.

ಆವತ್ತು ಅಲ್ಲಿ ಸಂತೆ. ಮಾದೇವಣ್ಣನ ಅಂಗಡಿ ತುಂಬ ಜನ. ನಮ್ಮನ್ನು ಕಂಡು ಅವರ ಮುಖ ಸಣ್ಣಗಾಯಿತು. ಗಿರಾಕಿಗಳನ್ನು ಹೆಂಡತಿಗೆ ಒಪ್ಪಿಸಿ, ಹಿಂದಿನ ಕೋಣೆಗೆ ಕರೆದು ನೀರು ಬೆಲ್ಲ ಕೊಟ್ಟರು. ಗೊಬ್ಬರದ ಚೀಲಗಳ ಮೇಲೆ ಕೂತೆವು. ಅವ್ವ ಆ ಫೋಟೋ ಬೇಕು ಅಂದಳು. ಅಪ್ಪ ಅದನ್ನು ಅಳಿಸಿಹಾಕಲು ಹೇಳಿದ್ದರಂತೆ. ಕ್ಯಾಮೆರಾದಿಂದ ಅಳಿಸಿದೆ, ಆದರೆ ಅದಕ್ಕೂ ಮುಂಚೆ ಕೋಟೆಯ ಸ್ಟುಡಿಯೋದಲ್ಲಿ ಒಂದು ಪ್ರಿಂಟು ಹಾಕಿಸಿಟ್ಟೆ, ಮುಖ ಅಳಿಸಲು ಮನಸ್ಸು ಬರಲಿಲ್ಲ ಅಂದರು. ಬೀರುವಿನಿಂದ ಒಂದು ಕವರು ತೆಗೆದರು. ಕೊಡುವ ಮುಂಚೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಹೇಳಿದರು.

ಆ ಕಲ್ಲಿನ ಪಕ್ಕ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಒಬ್ಬಳೇ ಕೂತಿದ್ದಳಂತೆ. ಇವರು ಕಲ್ಲನ್ನೇ ನೋಡುತ್ತಾ ನಿಂತದ್ದು ಕಂಡು ಎದ್ದು ಬಂದು ಕೈ ಹಿಡಿದುಕೊಂಡಳು. ಭಾಷೆ ಗೊತ್ತಿಲ್ಲ. ಅವಳು ಕಲ್ಲನ್ನು ತೋರಿಸಿದಳು, ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಎತ್ತರ ತೋರಿಸಿದಳು, ಆಮೇಲೆ ದೂರಕ್ಕೆ, ಇವರು ಬಂದ ದಿಕ್ಕಿಗೆ ಕೈ ತೋರಿಸಿ ಏನೋ ಕೇಳಿದಳು.

"ನಿಮ್ಮೂರಲ್ಲಿ ಅವ್ಳಾ ಅಂತ ಕೇಳ್ದಂಗಾಯ್ತು ಕಣವ್ವ. ನಂಗೆ ಪವಿ ಕಣ್ಮುಂದೆ ಬಂದ್ಲು. ಊಂ ಅಂದ್ಬುಟ್ಟೆ. ಅಷ್ಟಕ್ಕೇ ಆವಮ್ಮ ಅತ್ಕೊಂಡು, ಎಡೆಯಿಂದ ಆ ಮಿಠಾಯಿ ತಗ್ದು ನನ್ ಮುಷ್ಟೀಲಿಟ್ಟು ಮುಚ್ಚುದ್ಲು. ಎಸೆಯಕ್ಕೆ ಧೈರ್ಯ ಬರ್ನಿಲ್ಲ."

ಅವ್ವ ಕವರು ತೆಗೆದಳು. ನಾನು ಅವಳ ತೋಳಿನ ಹಿಂದಿನಿಂದ ಇಣುಕಿದೆ. ಅಂಗೈಯಗಲದ ಕಾಗದದಲ್ಲಿ ಅದೇ ಕಲ್ಲು, ಅದೇ ಹುಡುಗಿ. ಆದರೆ ಟೀವಿಯಲ್ಲಿ ಕಂಡವಳಲ್ಲ. ಮೂಗು ಉದ್ದ, ಹುಬ್ಬು ಬೇರೆ. ಕುತ್ತಿಗೆ ನೆಟ್ಟಗಿತ್ತು. ಅಷ್ಟೂ ಜನ ಒಟ್ಟಿಗೆ ಕಂಡದ್ದು ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ಅವ್ವ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊರಗೆ ಸಂತೆಯ ಗದ್ದಲ ಕೇಳುತ್ತಿತ್ತು.

"ಇವ್ಳು ಅವ್ಳೇನೋ ಅಲ್ವೋ ಅಂತ ನಂಗೆ ಏಳಕ್ಕಾಯ್ತಿಲ್ಲ ಅಣ್ಣ" ಅಂದಳು ಕೊನೆಗೆ. "ನನ್ ಮಗ್ಳ ಮುಖ ನಂಗೇ ಮರ್ತೋಗ್ಬುಟ್ಟದೆ."

ಫೋಟೋವನ್ನು ಕವರಿಗೆ ಹಾಕಿ ಮಾದೇವಣ್ಣನಿಗೇ ವಾಪಸ್ ಕೊಟ್ಟಳು. ಇನ್ನೊಬ್ಬ ತಾಯಿಯ ಮಗು, ನಾನು ಹೇಗೆ ತೆಗೆದುಕೊಂಡು ಹೋಗಲಿ ಅಂದಳು.

ವಾಪಸ್ ಬರುವ ಬಸ್ಸಿನಲ್ಲಿ ಅವ್ವ ನನಗೆ ಗೌರಿಯ ವಿಷಯ ಹೇಳಿದಳು. ನನಗಿಂತ ಮುಂಚೆ ಹುಟ್ಟಿದವಳು. ಮನೆಯವರಿನ್ನೂ ಬೆಟ್ಟದಪುರದ ಕಡೆಯ ಹಳ್ಳಿಯಲ್ಲಿದ್ದಾಗ, ಏಳು ತುಂಬುವ ಮುಂಚೆ, ಮೂರು ದಿನದ ಜ್ವರಕ್ಕೆ ಹೋದಳು. ಜಾತ್ರೆಯಲ್ಲಿ ತೆಗೆಸಿದ್ದ ಒಂದೇ ಒಂದು ಫೋಟೋ ಇತ್ತು. ಅವ್ವ ಅದನ್ನು ಎದೆಗಿಟ್ಟುಕೊಂಡು ಊಟ ಬಿಟ್ಟದ್ದಕ್ಕೆ ಅಜ್ಜಿ ಅದನ್ನು ಕದ್ದು ನಮ್ಮ ತಾಲ್ಲೂಕಿನ ಕೊಪ್ಪದ ಹತ್ತಿರ ಕಾವೇರಿಗೆ ಬಿಟ್ಟಳು. ಆಮೇಲೆ ಊರು ಬದಲಿಸಿದರು, ನಾನು ಹುಟ್ಟಿದೆ. ಹೆಸರು ಎತ್ತಬಾರದು ಅಂತ ಮನೆಯಲ್ಲಿ ಮಾತಾಯಿತು. ಇಷ್ಟನ್ನು ಅವ್ವ ಅಳದೆ, ಕಿಟಕಿಯಾಚೆ ನೋಡುತ್ತ ಹೇಳಿದಳು. ನನ್ನ ಭಯ ಅಲ್ಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ನಾನು ಸಾಯುವವಳಲ್ಲ ಅನ್ನುವುದು ಗೊತ್ತಾಯಿತು. ಆದರೆ ಅಷ್ಟು ದಿನ ನನ್ನ ಜಡೆ ಹೆಣೆಸಿಕೊಂಡು, ಬದನೆಕಾಯಿ ತಿನ್ನಿಸಿಕೊಂಡು ಕೂತವಳು ಯಾರು ಅನ್ನುವುದು ಗೊತ್ತಾಗಲಿಲ್ಲ.

ಆ ವರ್ಷ ಹಿರಿಯರಿಗೆ ಎಡೆ ಇಡುವ ಮಾರ್ಲಮಿ ಹಬ್ಬದಲ್ಲಿ ಅವ್ವ ಒಂದು ಸಣ್ಣ ಬಾಳೆಲೆ ಹೆಚ್ಚಿಗೆ ಹಾಕಿದಳು. ಮಕ್ಕಳಿಗೆ ಎಡೆ ಇಡಬಾರದು ಅಂತ ಅಜ್ಜಿ ಅನ್ನುತ್ತಾಳೆ ಎಂದು ಎಲ್ಲರೂ ಕಾದೆವು. ಅಜ್ಜಿ ಎದ್ದು ಬಂದು ಆ ಎಲೆಗೆ ತಾನೇ ಬದನೆಕಾಯಿ ಪಲ್ಯ ಬಡಿಸಿ, "ತಪ್ಪಾಯ್ತು ಕಣೆ ಗೌರಿ" ಅಂದಳು. ಅವ್ವ ಆಮೇಲೆ ನನ್ನನ್ನು ಯಾವತ್ತೂ ಆ ಹೆಸರಿಂದ ಕರೆಯಲಿಲ್ಲ.

ಈಗ ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಕಂಪನಿಯವರು ಈಗಲೂ ಕರೆದೊಯ್ಯುತ್ತಾರೆ. ಈ ಬೇಸಿಗೆಯಲ್ಲಿ ಹೋದವರು ಅಲ್ಲಿಂದಲೇ ದಿನಕ್ಕೆ ನೂರು ಫೋಟೋ ಗ್ರೂಪಿಗೆ ಹಾಕಿದರು. ಬೆರಳಲ್ಲಿ ಸರಿಸಿದೆವು, ಮುಗಿಯಿತು. ಬಂದ ಮೇಲೆ ಯಾರೂ ಯಾರ ಮನೆಯಲ್ಲೂ ಕೂರಲಿಲ್ಲ, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆ ಹಜಾರದಲ್ಲಿ ಕೂತವರಲ್ಲಿ ಅಜ್ಜಿ ಇಲ್ಲ, ಮಾದೇವಣ್ಣ ಇಲ್ಲ, ಹೋದ ವರ್ಷದಿಂದ ಅವ್ವ ಇಲ್ಲ. ಗೌರಿಯನ್ನು ಕಣ್ಣಾರೆ ಕಂಡವರೆಂದರೆ ನಮ್ಮ ಮನೆಯಲ್ಲಿ ಅಪ್ಪ ಒಬ್ಬರೇ.

ಮೊನ್ನೆ ಅಂಗಡಿ ಬಾಗಿಲು ತೆಗೆಯುವಾಗ ಅವಳು ಹೇಗಿದ್ದಳು ಅಂತ ಕೇಳಿದೆ. ಅಪ್ಪ ತೆಗೆದ ಬೀಗವನ್ನು ಮತ್ತೆ ಕೊಂಡಿಗೇ ಸಿಕ್ಕಿಸಿದರು.

"ನಿನ್ನಂಗೇ ಇದ್ಲು ಕಣವ್ವ" ಅಂದರು. ಆಮೇಲೆ ನನ್ನ ಮುಖವನ್ನು ಮೊದಲ ಸಲ ನೋಡುವ ಹಾಗೆ ನೋಡಿ, "ನೀನು ಎಂಗಿದ್ದೆ ಆಗ?" ಅಂತ ನನ್ನನ್ನೇ ಕೇಳಿದರು.